ಮೈಸೂರಿನ ಎಣ್ಣೆ, ಊಟಿಯ ಚಳಿ

ಮೈಸೂರಿನಲ್ಲಿ ಕಾರಿನ ಬೀಗದೊಳಗೆ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನಕ್ಕೆ ಹೊರಡುವವರು ಒಂದು ಶಾಲು ಹೊದ್ದರೆ ತಡೆಯಬಹುದಾದಷ್ಟೇ ಚಳಿ ಇಲ್ಲಿನದು. ಆದರೆ ಇಲ್ಲಿಂದ ಸುಮಾರು 125 ಕಿಲೋಮೀಟರ್ ದೂರದಲ್ಲಿ, 2,200 ಮೀಟರಿಗೂ ಮೀರಿದ ಎತ್ತರದಲ್ಲಿರುವ ಊಟಿಗೆ ಜನವರಿಯಲ್ಲಿ ಹೋಗಿ ಕಾರನ್ನು ರಾತ್ರಿಯಿಡೀ ಬಯಲಿನಲ್ಲಿ ನಿಲ್ಲಿಸಿದರೆ ಲೆಕ್ಕವೇ ಬೇರೆ. ನನಗೆ ಈ ಪಾಠವಾದದ್ದು ಹಾಗೆಯೇ. ತಪ್ಪಿನಲ್ಲಿ ಅರ್ಧ ಪಾಲು ಮೈಸೂರಿನ ನಮ್ಮ ಮನೆಯಿಂದಲೇ ಹೊರಟಿತ್ತು.

ಸಂಜೆ ಐದರ ಹೊತ್ತಿಗೆ ನಾವು ಉಳಿದುಕೊಂಡಿದ್ದ ಕಾಟೇಜನ್ನು ತಲುಪಿದಾಗ ಕಾರಿನ ಮೈಯೆಲ್ಲ ಗೂಡಲೂರು ದಾರಿಯ ಧೂಳು ಕೂತಿತ್ತು. ಅಂಗಳದಲ್ಲಿ ಪೈಪು ಕಂಡದ್ದೇ ತಡ, ಕಾರನ್ನು ತೊಳೆದು, ಮೇಲ್ಮೇಲೆ ಒರೆಸಿ, ತಗ್ಗಿನಲ್ಲಿದ್ದ ಹುಲ್ಲುಹಾಸಿನ ಪಕ್ಕ ನಿಲ್ಲಿಸಿದೆ. ಬಾಗಿಲ ಸುತ್ತಲಿನ ರಬ್ಬರಿನಲ್ಲಿ, ಕೀ ತೂರಿಸುವ ರಂಧ್ರದಲ್ಲಿ ನೀರು ಉಳಿದಿರಬಹುದೆಂಬ ಯೋಚನೆ ಬರಲಿಲ್ಲ. ತಂಪು ಗಾಳಿ ಭಾರವಾದ್ದರಿಂದ ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಹೀಗಾಗಿ ಹವೆಯ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದಾಗಲೂ ಕಾರಿನ ಮೇಲಿನ ನೀರು ಗಟ್ಟಿಯಾಗಬಲ್ಲದು.

ಬೆಳಿಗ್ಗೆ ಆರೂವರೆಗೆ ಹೊರಬಂದಾಗ ಹುಲ್ಲಿನ ಮೇಲೂ ಕಾರಿನ ಗಾಜಿನ ಮೇಲೂ ಪುಡಿಯುಪ್ಪು ಉದುರಿಸಿದಂತೆ ಬೆಳ್ಳಗಿತ್ತು. ನಮ್ಮದು ರಿಮೋಟ್ ಇಲ್ಲದ ಹಳೆಯ ಕಾರು. ಕೀ ಅರ್ಧ ಹೋಗಿ ನಿಂತಿತು. ಒತ್ತಿ ತೂರಿಸಿದರೆ ತಿರುಗಲಿಲ್ಲ. ಇನ್ನೂ ಸ್ವಲ್ಪ ಬಲ ಹಾಕಿದಾಗ ಅದು ತುಸು ಬಾಗಿದಂತೆ ಬೆರಳಿಗೆ ಗೊತ್ತಾಗಿ ಕೈಬಿಟ್ಟೆ. ಕೀ ಒಳಗೇ ಮುರಿದಿದ್ದರೆ ಆ ದಿನದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ನಾನದ ಮನೆಯಿಂದ ಬಿಸಿನೀರು ತರಲು ಹೊರಟವನನ್ನು ಕಾವಲಿಗಿದ್ದ ಗುಂಡ್ಲುಪೇಟೆ ಕಡೆಯ ಹಿರಿಯರು ತಡೆದರು: “ಬಿಸ್ನೀರು ಉಯ್ಬ್ಯಾಡಿ ಸಾರ್, ಗ್ಲಾಸು ಬಿರುಕು ಬಿಡ್ತದೆ. ಒಳಿಕ್ಕೋದ್ ನೀರು ಆಮೇಲೆ ಇನ್ನೂ ಗಟ್ಟಿ ಆಯ್ತದೆ.” ಎರಡೂ ಮಾತು ನಿಜ.

ಅವರು ಬೀಡಿ ಹಚ್ಚುವ ಲೈಟರ್ ಕೊಟ್ಟರು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಇಂಜಿನ್ ಸ್ಟಾರ್ಟ್ ಆಗಲು ಬೇಕಾದ ಚಿಪ್ ಇರುವುದರಿಂದ ಉರಿ ಅದಕ್ಕೆ ತಾಗದಂತೆ ಲೋಹದ ತುದಿಯನ್ನಷ್ಟೇ ಹತ್ತು ಎಣಿಸುವವರೆಗೆ ಕಾಯಿಸಿ, ರಂಧ್ರಕ್ಕೆ ತೂರಿಸಿ, ತಿರುಗಿಸದೆ ಹಾಗೆಯೇ ಬಿಟ್ಟೆ. ಮೂರನೆಯ ಸಲ ಕೀ ಹೊರತೆಗೆದಾಗ ಅದರ ಹಲ್ಲುಗಳ ಮೇಲೆ ಎಣ್ಣೆ ಮಿನುಗುತ್ತಿತ್ತು. ಮೂಗಿಗೆ ಹಿಡಿದರೆ ತೆಂಗಿನೆಣ್ಣೆಯ ವಾಸನೆ!

ಆಗ ಅರ್ಥವಾಯಿತು. ಗೇಟಿನ ತಿರುಗಣಿಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ತೆಂಗಿನೆಣ್ಣೆ ಬಿಡುವುದು ನಮ್ಮ ಮನೆಯ ಹಳೆಯ ರೂಢಿ. ಮಳೆಗಾಲದಲ್ಲಿ ಕಾರಿನ ಬೀಗ ಬಿಗಿಯಾದಾಗ ನಾನೂ ಅದನ್ನೇ ಬಿಟ್ಟಿದ್ದೆ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಚಿಕೊಳ್ಳುವ ನಾನು, ಅದೇ ಎಣ್ಣೆ ಬೀಗದೊಳಗೂ ಗಟ್ಟಿಯಾಗುತ್ತದೆಂದು ಯೋಚಿಸಿರಲಿಲ್ಲ. ಮೈಸೂರಿನಲ್ಲೇ ಬೆಳಗಿನ ಹೊತ್ತು ಬೀಗ ಬಿಗಿಯೆನಿಸಿದಾಗ ಇನ್ನೆರಡು ಹನಿ ಸೇರಿಸಿದ್ದೆ ಬೇರೆ. ಮಂಜುಗಡ್ಡೆಗೆ ಮೊದಲೇ ಬೀಗದ ತೆಳು ತಗಡುಗಳನ್ನು ನಾನೇ ಅಂಟಿಸಿಟ್ಟಿದ್ದೆ.

ಕೈಗೆ ಹಚ್ಚುವ ನೀರಿನಂಥ ಸ್ಯಾನಿಟೈಸರ್ ನಮ್ಮ ಚೀಲದಲ್ಲಿತ್ತು. ಅದರ ಆಲ್ಕೋಹಾಲ್ ಮಂಜುಗಡ್ಡೆಯನ್ನು ಕರಗಿಸುತ್ತದೆ, ಊಟಿಯ ಚಳಿಗೆ ತಾನು ಹೆಪ್ಪುಗಟ್ಟುವುದಿಲ್ಲ. ರಂಧ್ರಕ್ಕೆ ನಾಲ್ಕು ಸಲ ಚಿಮುಕಿಸಿ ಎರಡು ನಿಮಿಷ ಬಿಟ್ಟ ಮೇಲೆ ಕೀ ತಿರುಗಿತು. ಲೋಳೆಯಂಥದ್ದಾಗಿದ್ದರೆ ಬೀಗಕ್ಕೆ ಬಿಡುತ್ತಿರಲಿಲ್ಲ, ಅಂಟು ಉಳಿಯುತ್ತದೆ.

ಬೀಗ ಬಿಟ್ಟಿತು, ಬಾಗಿಲು ಬಿಡಲಿಲ್ಲ. ರಬ್ಬರು ಚೌಕಟ್ಟಿಗೆ ಅಂಟಿಕೊಂಡಿತ್ತು. ಇಲ್ಲಿ ಎಳೆಯಬಾರದು, ಎಳೆದರೆ ರಬ್ಬರು ಹರಿಯುತ್ತದೆ, ಇಲ್ಲವೇ ಹಿಡಿಯೇ ಕೈಗೆ ಬರುತ್ತದೆ. ಮೊದಲು ಒಳಕ್ಕೆ ಒತ್ತಬೇಕು. ಅಂಗೈಯಿಂದ ಬಾಗಿಲಿನ ಅಂಚುಗಳನ್ನೂ, ಸೊಂಟದಿಂದ ನಡುಭಾಗವನ್ನೂ ಒತ್ತುತ್ತ ಹೋದಾಗ ಸಣ್ಣಗೆ ಚಟಚಟ ಎಂದು ಮಂಜುಗಡ್ಡೆ ಬಿರಿಯುವ ಸದ್ದು ಕೇಳಿತು. ಬಾಗಿಲು ಮೇಲಿನ ಮೂಲೆಯಿಂದ ನಿಧಾನವಾಗಿ ಬಿಟ್ಟುಕೊಂಡಿತು.

ಊರಿಗೆ ಮರಳಿದ ಮೇಲೆ ಪರಿಚಯದ ಮೆಕ್ಯಾನಿಕ್ ಬಳಿ ಬೀಗವನ್ನು ಸ್ಪ್ರೇಯಿಂದ ತೊಳೆಸಿ, ಚೆನ್ನಾಗಿ ಒಣಗಿದ ಮೇಲೆ ಗ್ರಾಫೈಟ್ ಪುಡಿ ಹಾಕಿಸಿದೆ. ಪುಡಿಯಾದ್ದರಿಂದ ಅದು ಚಳಿಗೆ ಗಟ್ಟಿಯಾಗುವ ಮಾತಿಲ್ಲ, ಧೂಳನ್ನೂ ಎಣ್ಣೆಯಷ್ಟು ಹಿಡಿಯುವುದಿಲ್ಲ. ಪೆನ್ಸಿಲ್ ಕಡ್ಡಿಯನ್ನು ಕೆರೆದು ಹಾಕಬಹುದೆಂದು ಹೇಳುವವರಿದ್ದಾರೆ. ಅದರಲ್ಲಿ ಜೇಡಿಮಣ್ಣೂ ಬೆರೆತಿರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಗ್ರಾಫೈಟ್ ಹಾಕಿದ ಬೀಗಕ್ಕೆ ಮತ್ತೆ ಎಣ್ಣೆ ಬಿಟ್ಟರೆ ಎರಡೂ ಸೇರಿ ಕಪ್ಪು ಗಸಿಯಾಗುತ್ತದೆ. ಈ ವಿಷಯವನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಟ್ಟಿದ್ದೇನೆ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಗ್ರೀಸನ್ನು ಬಟ್ಟೆಯಿಂದ ತೆಳ್ಳಗೆ ಸವರುತ್ತೇನೆ. ಸಾಮಾನ್ಯ ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಾರಿನ ಬಾಗಿಲು ತೆರೆಯುವಾಗ ಪಟ್ಟನೆ ಅಂಟು ಬಿಡುವ ಸದ್ದು ಬರುತ್ತಿತ್ತಲ್ಲ, ಅದೂ ಇದರಿಂದ ನಿಂತಿತು.

ಈಗ ಊಟಿಗೆ ಹೋದರೆ ಸಂಜೆ ಕಾರು ತೊಳೆಯುವುದಿಲ್ಲ. ತಗ್ಗು ಬಿಟ್ಟು ಮಾಡಿನ ಕೆಳಗೆ, ಅದಿಲ್ಲದಿದ್ದರೆ ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ನಿಲ್ಲಿಸುತ್ತೇನೆ. ಬಾಗಿಲ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಕೀ ರಂಧ್ರದ ಮೇಲೆ ಒಂದು ತುಂಡು ಟೇಪು ಅಂಟಿಸುತ್ತೇನೆ. ಸ್ಯಾನಿಟೈಸರ್ ಬಾಟಲಿ ಕಾರಿನೊಳಗಲ್ಲ, ನನ್ನ ಕೋಣೆಯಲ್ಲಿರುತ್ತದೆ. ಅದನ್ನು ಕಾರಿನಲ್ಲೇ ಇಟ್ಟು ಬೀಗ ಹಾಕಿಕೊಂಡ ಗೆಳೆಯರೊಬ್ಬರಿದ್ದಾರೆ.

ಮರುವರ್ಷದ ಡಿಸೆಂಬರಿನಲ್ಲಿ ಅದೇ ಕಾಟೇಜಿನ ಮುಂದೆ, ಅಷ್ಟೇ ಬೆಳ್ಳಗಿದ್ದ ಬೆಳಿಗ್ಗೆ, ಕೀ ಒಂದೇ ಸಲಕ್ಕೆ ತಿರುಗಿತು. ಸಿಲಿಕೋನ್ ಸವರಲು ಮರೆತಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮಾತ್ರ ಬಂಕಿನಲ್ಲಿ ಕೈಕೊಟ್ಟಿತು, ಅದಕ್ಕೆ ಬಿಸಿಲು ಏರುವವರೆಗೆ ಕಾಯಬೇಕಾಯಿತು.