ಮಗು ಇರುವ ಮನೆಯಲ್ಲಿ ಎಸ್ಟ್ರಾಡಿಯೋಲ್ ಸ್ಪ್ರೇ: ನನ್ನ ಅನುಭವ

ನಾನು ಟ್ರಾನ್ಸ್ ಹೆಣ್ಣು, ಎಸ್ಟ್ರಾಡಿಯೋಲ್ ಅಂದರೆ ನಾನು ತಗೊಳ್ಳುವ ಹೆಣ್ಣು ಹಾರ್ಮೋನ್. ಅದರ ಮಾತ್ರೆ ಬಿಟ್ಟು ಚರ್ಮಕ್ಕೆ ಹಾಕುವ ಸ್ಪ್ರೇಗೆ ಬಂದ ಮೇಲೆ ನನಗೆ ಹಾರ್ಮೋನ್‌ಗಿಂತ ಮನೆಯದ್ದೇ ಯೋಚನೆ ಜಾಸ್ತಿ. ಮೈಸೂರಿನ ಸರಸ್ವತಿಪುರಂನಲ್ಲಿ ಅಕ್ಕ, ಭಾವ, ಅವರ ಪುಟ್ಟ ಮಗಳ ಜೊತೆ ಇದ್ದೇನೆ. ನಾನು ಅವಳ ಚಿಕ್ಕಮ್ಮ. ಬೆಳಿಗ್ಗೆ ಎದ್ದ ಕೂಡಲೇ ಬಂದು ನನ್ನ ಕೈಗೇ ಜೋತು ಬೀಳುತ್ತಾಳೆ.

ಸ್ಪ್ರೇ ಯಾಕೆ ಅಂದರೆ, ಮಾತ್ರೆ ನುಂಗಿದರೆ ಔಷಧಿ ಮೊದಲು ಲಿವರ್ ದಾಟಬೇಕು, ರಕ್ತ ಹೆಪ್ಪುಗಟ್ಟುವ ಅಪಾಯವೂ ಚರ್ಮದ ಮೂಲಕ ಕೊಡುವುದಕ್ಕಿಂತ ಹೆಚ್ಚು. ಚರ್ಮಕ್ಕೆ ಅಂಟಿಸುವ ಪ್ಯಾಚ್ ನನಗೆ ಆಗಲಿಲ್ಲ. ಕೆಲಸಕ್ಕೆ ಮಂಡ್ಯಕ್ಕೆ ಓಡಾಡುವವಳು ನಾನು, ಬೇಸಿಗೆಯಲ್ಲಿ ಬಸ್ ಇಳಿಯುವಷ್ಟರಲ್ಲಿ ಬೆವರಿಗೆ ಎದ್ದು ಬಂದಿರುತ್ತಿತ್ತು.

ಸ್ನಾನ ಮಾಡಿ, ಮೈ ಪೂರ್ತಿ ಒರೆಸಿಕೊಂಡು, ಎಡ ಮುಂಗೈ ಒಳಭಾಗಕ್ಕೆ ಡಬ್ಬಿಯ ಬಾಯಿ ಒತ್ತಿ ಹಿಡಿದು ಸ್ಪ್ರೇ ಮಾಡುತ್ತೇನೆ. ಎರಡನೆಯದು ಅದೇ ಜಾಗಕ್ಕಲ್ಲ, ಪಕ್ಕಕ್ಕೆ. ಉಜ್ಜಬಾರದು. ಎರಡು ನಿಮಿಷ ಸುಮ್ನೆ ಒಣಗಲು ಬಿಡಬೇಕು, ಒಂದು ಗಂಟೆ ಆ ಜಾಗಕ್ಕೆ ನೀರು ತಾಗಿಸಬಾರದು. ಔಷಧಿ ಚರ್ಮದ ಮೇಲ್ಪದರದಲ್ಲಿ ಸೇರಿಕೊಂಡು ಆಮೇಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಯುಗಾದಿ, ದೀಪಾವಳಿಗೆ ಎಣ್ಣೆ ಸ್ನಾನ ಇದ್ದೇ ಇರುತ್ತದಲ್ವಾ, ಅವತ್ತು ಸೀಗೆಪುಡಿ ಹಾಕಿ ಜಿಡ್ಡು ಹೋಗುವವರೆಗೆ ತೊಳೆದ ಮೇಲೇ ಸ್ಪ್ರೇ. ಇದರಲ್ಲಿ ಆಲ್ಕೋಹಾಲ್ ಇದೆ, ಒಣಗುವ ಮೊದಲು ಬೆಂಕಿ ಹತ್ತಬಹುದು. ಹಾಗಾಗಿ ದೇವರ ದೀಪ ಹಚ್ಚುವ ಕೆಲಸ ಈಗ ಅಕ್ಕನದ್ದು.

ಮಗುವಿನ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಇಂಥದೇ ಸ್ಪ್ರೇ ಹಾಕಿಕೊಂಡ ಹೆಂಗಸರ ಚರ್ಮ ತಾಗಿ ಚಿಕ್ಕ ಮಕ್ಕಳಿಗೆ ಎದೆ ಬೆಳೆದದ್ದು, ಸಾಕು ನಾಯಿಗಳಿಗೂ ಮೊಲೆ ಊದಿದ್ದು ವರದಿಯಾಗಿ, 2010ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಒಣಗಿದ ಮೇಲೂ ಚರ್ಮದ ಮೇಲೆ ಸ್ವಲ್ಪ ಉಳಿದಿರುತ್ತದೆ. ಅದಕ್ಕೇ ಮಣಿಕಟ್ಟಿನವರೆಗೆ ಬರುವ ತೋಳಿನ ಕುರ್ತಾ ಹಾಕಿಕೊಳ್ಳದೆ ರೂಮಿನಿಂದ ಹೊರಗೆ ಬರುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದು ಬಲಗೈಯಲ್ಲೇ, ಅಪ್ಪಿತಪ್ಪಿ ಎಡಗೈ ತಾಗಿದರೆ ಅವಳ ಮೈ ಸೋಪು ನೀರಲ್ಲಿ ತೊಳೆಯಬೇಕು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಭಾವನಿಗೆ ಮೊದಲು ಇದೆಲ್ಲ ಅತಿ ಅನ್ನಿಸಿತ್ತು. ಔಷಧಿ ಜೊತೆ ಬರುವ ಚೀಟಿ ಓದಿ ಹೇಳಿದ ಮೇಲೆ ಈಗ ಅವರೇ "ತೋಳು ಇಳಿಸಮ್ಮ" ಅನ್ನುತ್ತಾರೆ.

ಡೋಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ನನ್ನ ಡಬ್ಬಿಯಲ್ಲಿ ಒಂದು ಸ್ಪ್ರೇಗೆ 1.53 ಮಿಲಿಗ್ರಾಂ, ರಕ್ತ ಸೇರುವುದು ಅದರಲ್ಲಿ ಸ್ವಲ್ಪವೇ. ಮುಟ್ಟು ನಿಂತವರಿಗೆಂದು ಮಾಡಿದ ಔಷಧಿ ಇದು, ಚೀಟಿಯಲ್ಲಿ ದಿನಕ್ಕೆ ಒಂದರಿಂದ ಮೂರು ಎಂದಿದೆ. ನಮ್ಮಂಥ ಟ್ರಾನ್ಸ್ ಹೆಣ್ಣುಮಕ್ಕಳಿಗೆ ಅದು ಸಾಲದಿರಬಹುದು, ಆದರೆ ಗೆಳತಿಯ ಲೆಕ್ಕ ನಿಮಗೆ ಆಗುವುದಿಲ್ಲ, ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರೇ ಹೇಳಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಸಾಮಾನ್ಯವಾಗಿ ಎಸ್ಟ್ರಾಡಿಯೋಲ್ ಒಂದು ಮಿಲಿಲೀಟರ್ ರಕ್ತಕ್ಕೆ 100ರಿಂದ 200 ಪಿಕೋಗ್ರಾಂ, ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಒಂದು ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕಮ್ಮಿ ಇರಬೇಕು ಅಂತ ನೋಡುತ್ತಾರೆ.

ಸ್ಪ್ರೇ ಹಾಕುವ ಕೈಯಿಂದ ರಕ್ತ ಕೊಡಬೇಡಿ. ಚರ್ಮದ ಮೇಲಿನ ಔಷಧಿ ಸೇರಿ ಅಂಕಿ ಸುಳ್ಳೇ ಏರುತ್ತದೆ. ಲ್ಯಾಬಿನಲ್ಲಿ ಯಾರೂ ಕೇಳುವುದಿಲ್ಲ, ನಾವೇ ಬಲಗೈ ಚಾಚಬೇಕು. ನನ್ನ ಟೆಸ್ಟೋಸ್ಟೆರಾನ್ ಚೆನ್ನಾಗಿ ಇಳಿದಿದೆ, ಎಸ್ಟ್ರಾಡಿಯೋಲ್ ಇನ್ನೂ ಸ್ವಲ್ಪ ಹಿಂದಿದೆ. ಮುಂದಿನ ಸಲ ಡಾಕ್ಟರ್ ಬಲಗೈಗೂ ಒಂದು ಸೇರಿಸಿ ಅಂದರೆ, ತೊಡೆಗೆ ಹಾಕಬಹುದಾ ಅಂತ ಕೇಳಬೇಕು. ಇಲ್ಲದಿದ್ದರೆ ಮಗು ಎತ್ತಿಕೊಳ್ಳಲು ಕೈಯೇ ಉಳಿಯುವುದಿಲ್ಲ.