ಗೋಣಿ ತೂಕದಿಂದ ಗ್ರಾಚ್ಯುಟಿವರೆಗೆ: ತೋಟದ ಯೂನಿಯನ್‌ನಲ್ಲಿ ನನ್ನ ಅನುಭವ

"ಈ ಕಾಲದಲ್ಲೂ ಯೂನಿಯನ್ ಬೇಕಾ ಅಕ್ಕ?" ಅಂತ ನನ್ನನ್ನು ಕೇಳುವವರಲ್ಲಿ ತೋಟದ ಮಾಲೀಕರಿಗಿಂತ ನಮ್ಮ ಲೈನ್ ಮನೆಗಳ, ಅಂದರೆ ತೋಟದವರು ಕೂಲಿಯವರಿಗೆ ಕೊಡುವ ಸಾಲು ಮನೆಗಳ ಹುಡುಗರೇ ಜಾಸ್ತಿ. ಅವರಲ್ಲಿ ಬಹಳಷ್ಟು ಜನ ಈಗ ತೋಟದ ಕೆಲಸಕ್ಕೆ ಬರುವುದಿಲ್ಲ. ಕೆಲವರು ರೆಸಾರ್ಟಿನಲ್ಲಿ ರೂಮ್ ಕ್ಲೀನಿಂಗ್ ಮಾಡುತ್ತಾರೆ. ಕೆಲವರು ಮೈಸೂರಿಗೆ ಹೋಗಿ ಬೈಕಿನಲ್ಲಿ ಊಟ ತಲುಪಿಸುತ್ತಾರೆ. ಯೂನಿಯನ್ ಅಂದರೆ ಅವರಿಗೆ ನೆನಪಾಗುವುದು ಬಾವುಟ, ಮೈಕು, ಧಿಕ್ಕಾರ.

ನಾನು ಕೊಡಗಿನ ಸಿದ್ದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ಕಾರ್ಮಿಕ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಅಮ್ಮನ ಜೊತೆ ತೋಟದಲ್ಲೇ ಇದ್ದೆ. ಕಾಫಿ ಕೊಯ್ದಿದ್ದೇನೆ, ಚಿಗುರು ತೆಗೆದಿದ್ದೇನೆ, ಗೊಬ್ಬರ ಹಾಕಿದ್ದೇನೆ. ಪಿಯುಸಿ ಓದಿದ್ದೆ ಅನ್ನುವ ಕಾರಣಕ್ಕೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇವತ್ತಿಗೂ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಕಾಗದ ಬರೆಯುವುದು, ಕಾಗದ ಹುಡುಕುವುದು, ಒಬ್ಬರೇ ಹೋಗಲು ಹೆದರುವವರ ಜೊತೆ ಆಫೀಸಿಗೆ ಹೋಗುವುದು. ಕಾನೂನು ಪುಸ್ತಕದಲ್ಲಿರುವ ಹಣ ಕೂಲಿಯವರ ಕೈಗೆ ತಾನಾಗಿ ಬರುವುದಿಲ್ಲ. ತರಿಸಿಕೊಡಲು ಯಾರಾದರೂ ಬೇಕು. ಈಗಲೂ ಯೂನಿಯನ್ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಗೋಣಿಯ ವಿಷಯ ಮೊದಲು ಹೇಳುತ್ತೇನೆ. ನಮ್ಮ ಕಡೆ ರೊಬಸ್ಟಾ ಕಾಫಿಯ ಕೊಯ್ಲು ಜನವರಿಯಲ್ಲಿ ಜೋರಾಗುತ್ತದೆ. ಆಗ ಬಹಳ ತೋಟಗಳಲ್ಲಿ ದಿನಗೂಲಿ ಬಿಟ್ಟು ಕಿಲೋ ಲೆಕ್ಕಕ್ಕೆ ಕೊಯ್ಯಿಸುತ್ತಾರೆ. ಸಂಜೆ ಎಲ್ಲರೂ ಮೂಟೆ ಹೊತ್ತು ತಂದು ತೂಕದ ಮುಂದೆ ಸಾಲಾಗಿ ಇಡುತ್ತಾರೆ. ಮೇಸ್ತ್ರಿ ತೂಗುತ್ತಾರೆ, ರೈಟರ್ ಬರೆದುಕೊಳ್ಳುತ್ತಾರೆ. ಒಂದು ತೋಟದಲ್ಲಿ ಪ್ರತಿ ಮೂಟೆಗೆ ಎರಡು ಕಿಲೋ ಕಳೆಯುತ್ತಿದ್ದರು. ಗೋಣಿಯ ತೂಕ, ಜೊತೆಗೆ ಎಲೆ ಕಡ್ಡಿ ಅಂತ ಹೆಸರು. ಹೆಂಗಸರು ಗೊಣಗುತ್ತಿದ್ದರು, ಆದರೆ ಕತ್ತಲಾಗುವ ಮೊದಲು ಮನೆ ಸೇರಬೇಕು, ಆನೆ ಓಡಾಡುವ ಜಾಗ. ಸುಮ್ನೆ ಸಹಿ ಹಾಕಿ ಹೋಗುತ್ತಿದ್ದರು.

ಅಲ್ಲಿ ನಾವು ಜಗಳ ತೆಗೆಯಲಿಲ್ಲ. ಒಂದು ಸಂಜೆ ತೂಕ ಶುರುವಾಗುವ ಮೊದಲು ಸದಸ್ಯರೆಲ್ಲ ಒಟ್ಟಿಗೆ ನಿಂತು, "ಸಾರ್, ಖಾಲಿ ಗೋಣಿಯನ್ನೇ ಒಂದು ಸಲ ಇಟ್ಟು ನೋಡೋಣ" ಅಂದೆವು. ಮೇಸ್ತ್ರಿ ರೈಟರ್ ಮುಖ ನೋಡಿದರು. ರೈಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಇಡಿ" ಅಂದರು. ಇಬ್ಬನಿಗೆ ಒದ್ದೆಯಾದ ಗೋಣಿಯನ್ನೇ ಆರಿಸಿ ಇಟ್ಟೆವು. ಒಂದು ಕಿಲೋ ಕೂಡ ತೂಗಲಿಲ್ಲ. ಮರುದಿನದಿಂದ ಖಾಲಿ ಗೋಣಿ ಎಷ್ಟು ತೂಗುತ್ತದೋ ಅಷ್ಟನ್ನೇ ಕಳೆಯುವುದು, ಕಸ ಇದ್ದರೆ ಕೊಯ್ದವರ ಮುಂದೆಯೇ ಆರಿಸುವುದು ಅಂತ ಮಾತಾಯಿತು. ಅದನ್ನು ಬರೆಸಿ ಮ್ಯಾನೇಜರ್ ಸಹಿ ತೆಗೆದುಕೊಂಡೆವು. ಒಬ್ಬರೇ ಕೇಳಿದ್ದರೆ ಮರುದಿನ ಅವರಿಗೆ ಕಾಯಿ ಕಡಿಮೆ ಇರುವ ಸಾಲು ಸಿಗುತ್ತಿತ್ತು. ಕೊಯ್ಲು ಮಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗ್ರಾಚ್ಯುಟಿ. ನನ್ನ ಹೊತ್ತು ಹೆಚ್ಚು ಹೋಗುವುದು ಇದರಲ್ಲೇ.

ಲೆಕ್ಕ ಕಷ್ಟದ್ದೇನಲ್ಲ. ಒಂದೇ ಕಡೆ ಐದು ವರ್ಷ ಬಿಡದೆ ದುಡಿದವರು ಕೆಲಸ ಬಿಡುವಾಗ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿ ಸಿಗಬೇಕು. 2025ರವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಪ್ಲಾಂಟೇಶನ್ ಅಂತ ಹೆಸರು ಹಾಕಿಯೇ ಬರೆದಿದ್ದರು. ಕೊನೆಯ ಕೂಲಿ ದಿನಕ್ಕೆ 450 ರೂಪಾಯಿ ಅಂತ ಇಟ್ಟುಕೊಳ್ಳಿ. 15 ದಿನಕ್ಕೆ 6,750 ಆಯಿತು. 22 ವರ್ಷಕ್ಕೆ 1,48,500. ಸ್ವಂತ ಮನೆಯಿಲ್ಲದವರಿಗೆ ಈ ಹಣ ಅಂದರೆ ಎಷ್ಟು ದೊಡ್ಡದು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಕಷ್ಟ ಇರುವುದು 22 ವರ್ಷ ಅಂತ ತೋರಿಸುವುದರಲ್ಲಿ. ನಮ್ಮ ಲೈನಿನ ಒಬ್ಬರಿದ್ದಾರೆ, ನಾನು ಚಿಕ್ಕಮ್ಮ ಅಂತ ಕರೆಯುತ್ತೇನೆ. ಅವರು ಕೆಲಸ ಬಿಡುವ ಹೊತ್ತಿಗೆ ತೋಟ ಬೇರೆಯವರ ಕೈಗೆ ಬಂದು ಒಂಬತ್ತು ವರ್ಷ ಆಗಿತ್ತು. ಹೊಸ ಆಡಳಿತದವರು ಒಂಬತ್ತು ವರ್ಷದ್ದು ಮಾತ್ರ ಕೊಡುತ್ತೇವೆ, ಹಿಂದಿನದು ನಮಗೆ ಸಂಬಂಧ ಇಲ್ಲ ಅಂದರು. ಮೇಲಿನ ಕೂಲಿ ಲೆಕ್ಕದಲ್ಲೇ ನೋಡಿದರೆ ಅದು 60,750 ರೂಪಾಯಿ. ಕೆಲಸ ನಡುವೆ ನಿಲ್ಲದೆ ಮುಂದುವರಿದಿದ್ದರೆ ಮಾಲೀಕರು ಬದಲಾದರೂ ಸೇವೆ ಮುರಿಯುವುದಿಲ್ಲ. ಆದರೆ ಹಳೆಯ ಹಾಜರಿ ಪುಸ್ತಕ ತೋರಿಸಿ ಅಂದರೆ, ಮಳೆಗೆ ಹಾಳಾಗಿದೆ ಅನ್ನುವ ಉತ್ತರ ಬಂತು.

ಆಗ ಕೈ ಹಿಡಿದದ್ದು ನಮ್ಮದೇ ಸಂಘದ ಚಂದಾ ರಸೀದಿ ಪುಸ್ತಕಗಳು. ಹಳೆಯ ಕಾರ್ಯದರ್ಶಿಯೊಬ್ಬರು ಅವನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಕಟ್ಟಿ ಇಟ್ಟಿದ್ದರು. ಸದಸ್ಯರ ಹೆಸರು, ತೋಟದ ಹೆಸರು, ತಾರೀಕು, ಕೊಟ್ಟ ಹಣ, ಹೆಬ್ಬೆಟ್ಟು. ವರ್ಷ ವರ್ಷದ ಕೌಂಟರ್ ಹಾಳೆ ಅಲ್ಲಿತ್ತು. ಅದರ ಜೊತೆಗೆ ಪಿಎಫ್ ಚೀಟಿ, ಲೈನ್ ಮನೆಯ ವಿಳಾಸ ಇದ್ದ ರೇಷನ್ ಕಾರ್ಡ್, ಮಗನನ್ನು ಶಾಲೆಗೆ ಸೇರಿಸಿದಾಗಿನ ದಾಖಲೆ. ಚಿಕ್ಕಮ್ಮನ ಹೆಸರು ಒಂದೊಂದು ಕಡೆ ಒಂದೊಂದು ಥರ ಇತ್ತು. ಎಲ್ಲವೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದೆವು. ಜೊತೆಯಲ್ಲಿ ದುಡಿದ ಇಬ್ಬರು ಸಾಕ್ಷಿ ಹೇಳಲು ಒಪ್ಪಿದರು. ಅವರೂ ಸದಸ್ಯರೇ. ಹಾಗಿದ್ದದ್ದರಿಂದಲೇ ಧೈರ್ಯ ಬಂತು.

ಮೊದಲ ಅರ್ಜಿ ಮಾಲೀಕರಿಗೇ ಕೊಡಬೇಕು. ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಮೂವತ್ತು ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ. ಅವರು ಎರಡೂ ಕಡೆಯವರನ್ನು ಕರೆಸುತ್ತಾರೆ. ಅಲ್ಲಿ ವಕೀಲರಿಲ್ಲದೆ ನಾವೇ ಮಾತಾಡಿದೆವು. ಚಿಕ್ಕಮ್ಮ ಮೊದಲ ಸಲ ಹೊರಗೇ ನಿಂತರು, ಚಪ್ಪಲಿ ಕೂಡ ಬಿಚ್ಚಿ ಇಟ್ಟಿದ್ದರು. "ಒಳಗೆ ಬನ್ನಿ ಚಿಕ್ಕಮ್ಮ, ಕುರ್ಚಿ ನಿಮಗೂ ಇದೆ" ಅಂತ ಕರೆದುಕೊಂಡು ಹೋದೆ. ರಸೀದಿ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ ಮೇಲೆ ಆ ಕಡೆಯವರ ಮಾತಿನ ಧಾಟಿ ಬದಲಾಯಿತು.

ಕೊನೆಗೆ ಇನ್ನೊಂದು ಷರತ್ತು ಬಂತು. ಹಣ ಕೊಡುತ್ತೇವೆ, ಲೈನ್ ಮನೆ ಕೂಡಲೇ ಖಾಲಿ ಮಾಡಿ ಅಂತ. ಕೊಡಗಿನಲ್ಲಿ ತುಂಬಾ ಜನ ಗ್ರಾಚ್ಯುಟಿ ಕೇಳದೇ ಇರುವುದು ಈ ಭಯಕ್ಕೆ. ಮೂವತ್ತು ವರ್ಷ ದುಡಿದರೂ ಕಾಲಿಡಲು ಸ್ವಂತ ನೆಲ ಇರುವುದಿಲ್ಲ. ನಮ್ಮ ಎರವ, ಕುರುಬ ಆದಿವಾಸಿ ಜನರ ಸ್ಥಿತಿಯಂತೂ ಇದಕ್ಕಿಂತ ಕಷ್ಟ. ಅದು ಜೂನ್ ತಿಂಗಳು, ಮಳೆ ಹಿಡಿದಿತ್ತು. ಮಳೆಗಾಲ ಮುಗಿಯುವವರೆಗೆ ಮನೆ ಬಿಡಿಸಬಾರದು, ಹಣ ಮಾತ್ರ ಪೂರ್ತಿ ಈಗಲೇ ಬ್ಯಾಂಕಿಗೆ ಹಾಕಬೇಕು ಅಂತ ಹಟ ಹಿಡಿದೆವು. ಬಡ್ಡಿ ಬಿಡುತ್ತೀರಾ ಅಂತ ಕೇಳಿದರು. ಆ ಮಾತಿಗೆ ಉತ್ತರ ಹೇಳಬೇಕಾದವರು ನಾನಲ್ಲ. ಚಿಕ್ಕಮ್ಮ ಯೋಚಿಸಿ, "ಬಡ್ಡಿ ಬೇಡ, ಮನೆ ದೀಪಾವಳಿವರೆಗೆ ಇರಲಿ" ಅಂದರು. ಹಾಗೇ ಬರೆದು ಸಹಿ ಆಯಿತು.

ಎಲ್ಲ ಕಡೆ ಯೂನಿಯನ್ ಒಂದೇ ರೀತಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ನಮ್ಮ ಪುಟ್ಟ ಜಿಲ್ಲೆಯಿಂದ ಹೋಗುತ್ತದೆ, ಆದರೆ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣವರು. ಮೂರು ಎಕರೆ ತೋಟದವರು ಗಂಡ ಹೆಂಡತಿ ಇಬ್ಬರೂ ನಮ್ಮ ಪಕ್ಕದಲ್ಲೇ ನಿಂತು ಕೊಯ್ಯುತ್ತಾರೆ. ಅವರ ಅಂಗಳಕ್ಕೆ ಬಾವುಟ ಹಿಡಿದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಮಾತಾಡಿಕೊಂಡರೆ ಮುಗಿಯುತ್ತದೆ. ದೊಡ್ಡ ತೋಟದ ಮಾತು ಬೇರೆ. 2024ರಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕಿಲೋ ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿದಾಗ ಎಲ್ಲರಿಗೂ ಖುಷಿಯಾಯಿತು. ಕೊಯ್ಯುವವರ ಕಿಲೋ ದರ ತಾನಾಗಿ ಏರಲಿಲ್ಲ. ಕೇಳಿದ ಕಡೆ ಏರಿತು.

ಸಂಘಗಳ ಮೇಲೆ ನನಗೂ ದೂರಿದೆ. ಒಂದೇ ಲೈನಿನಲ್ಲಿ ಮೂರು ಪಕ್ಷದ ಮೂರು ಯೂನಿಯನ್ ಇದ್ದರೆ ಕೂಲಿಯವರ ಕೆಲಸ ಆಗುವುದಿಲ್ಲ. ಚುನಾವಣೆ ಹೊತ್ತಿಗೆ ಬಂದು ಚಂದಾ ಎತ್ತಿ ಹೋಗುವವರಿಂದ ಹುಡುಗರಿಗೆ ಬೇಸರ ಆದದ್ದು ಸಹಜ. ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರನ್ನು ನಮ್ಮ ಕೂಲಿ ಕಿತ್ತುಕೊಳ್ಳುವವರು ಅಂತ ದೂರ ಇಟ್ಟ ಸಂಘಗಳೂ ಇವೆ. ಅದು ತಪ್ಪು ಅಂತ ನಾನು ಸಭೆಯಲ್ಲೇ ಹೇಳಿದ್ದೇನೆ. ಅವರಿಗೆ ಕಡಿಮೆ ಕೊಟ್ಟರೆ ನಾಳೆ ನಮಗೂ ಅಷ್ಟೇ ಕೊಡುತ್ತಾರೆ. ಈಗ ಅವರ ಗುಂಪಿನಲ್ಲಿ ಕನ್ನಡ ಕಲಿತ ಒಬ್ಬ ಹುಡುಗಿ ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ಹೇಳುತ್ತಾಳೆ. ಕೊಯ್ಲು ಮುಗಿದು ಊರಿಗೆ ಹೊರಡುವ ಮೊದಲು ಲೆಕ್ಕ ಪೂರ್ತಿ ಚುಕ್ತಾ ಆಗಬೇಕು ಅನ್ನುವುದು ಅವರ ದೊಡ್ಡ ಬೇಡಿಕೆ. ರೈಲು ಹತ್ತಿದ ಮೇಲೆ ಬಾಕಿ ಹಣ ಬರುವುದು ಕಷ್ಟ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಒಂದಕ್ಕಿಂತ ಹೆಚ್ಚು ಸಂಘ ಇರುವ ಕಡೆ, ಹಾಜರಿ ಪುಸ್ತಕದಲ್ಲಿರುವ ಕೆಲಸಗಾರರಲ್ಲಿ ನೂರಕ್ಕೆ 51 ಜನರ ಬೆಂಬಲ ಒಂದು ಸಂಘಕ್ಕಿದ್ದರೆ ಅದೊಂದೇ ಮಾತುಕತೆಗೆ ಕೂರುತ್ತದೆ. ಒಡೆದು ಹೋದ ಸಂಘಗಳಿಗೆ ಇದು ಪೆಟ್ಟು. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಇದು ನನಗೆ ಇಷ್ಟವಾಗಲಿಲ್ಲ. ಕೊಯ್ಲಿನ ಸಮಯದಲ್ಲಿ ಎರಡು ವಾರದೊಳಗೆ ಬೇರೆ ಗ್ಯಾಂಗ್ ತಂದು ಕೆಲಸ ಮುಗಿಸಿಬಿಡಬಹುದು. ಒಳ್ಳೆಯದೂ ಇದೆ. ಕೆಲಸಕ್ಕೆ ಸೇರಿದವರಿಗೆಲ್ಲ ನೇಮಕಾತಿ ಪತ್ರ ಕೊಡಬೇಕು. ಅವಧಿ ಕರಾರಿನ ಮೇಲೆ ದುಡಿಯುವವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ, ಕೆಲಸಕ್ಕೆ ಸಂಬಂಧಪಟ್ಟ ಸಮಯದಲ್ಲಿ ಅಪಘಾತವಾದರೂ ಅದನ್ನು ಕೆಲಸದಲ್ಲಿ ಆದದ್ದು ಅಂತಲೇ ನೋಡಬೇಕು. ಬೆಳಗ್ಗೆ ಮಂಜಿನಲ್ಲಿ ಆನೆ ಎದುರಾಗುವ ನಮ್ಮ ದಾರಿಗಳಿಗೆ ಈ ಮಾತು ಎಷ್ಟು ಮುಖ್ಯ ಅಂತ ಇಲ್ಲಿಯವರಿಗೆ ಗೊತ್ತು. ಆನೆ ಇರುವ ದಿನ ಜೀಪು ಕಳಿಸಬೇಕು, ಅರಣ್ಯ ಇಲಾಖೆಯ ಮೆಸೇಜು ಬಂದರೆ ಆ ಬ್ಲಾಕಿನಲ್ಲಿ ಕೆಲಸ ನಿಲ್ಲಿಸಬೇಕು, ಆ ದಿನದ ಕೂಲಿ ಕೊಡಬೇಕು ಅಂತ ಕೆಲವು ತೋಟಗಳಲ್ಲಿ ಒಪ್ಪಿಸಿದ್ದೇವೆ. ಎಲ್ಲ ಕಡೆ ಇನ್ನೂ ಆಗಿಲ್ಲ.

ರೆಸಾರ್ಟಿನ ಹುಡುಗರ ಕಡೆಗೆ ಬರುತ್ತೇನೆ. ಅವರಲ್ಲಿ ಒಬ್ಬಳು ತನ್ನ ಸಂಬಳದ ಚೀಟಿ ಫೋನಿನಲ್ಲಿ ತೋರಿಸಿದಳು. ಪಿಎಫ್ ಅಂತ ಹಣ ಕಳೆದಿದ್ದರು. ಅವಳ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರೆ ಎಷ್ಟೋ ತಿಂಗಳಿಂದ ಏನೂ ಜಮಾ ಆಗಿರಲಿಲ್ಲ. ಗುತ್ತಿಗೆದಾರರು ಪ್ರತಿ ಹನ್ನೊಂದು ತಿಂಗಳಿಗೆ ಬಿಟ್ಟ ಹಾಗೆ ತೋರಿಸಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. "ಇದು ನನಗೊಬ್ಬಳಿಗಾ ಅಕ್ಕ, ಎಲ್ಲರಿಗೂ ಹೀಗೇನಾ?" ಅಂತ ಕೇಳಿದಳು. ಜೊತೆಯವರ ಪಾಸ್‌ಬುಕ್ಕೂ ನೋಡು ಅಂದೆ. ನೋಡಿದರು. ಎಲ್ಲರದ್ದೂ ಹಾಗೇ ಇತ್ತು.

ಈಗ ಅವರೇ ಒಂದು ಸಂಘ ಕಟ್ಟುತ್ತಿದ್ದಾರೆ. ಸಂಘ ನೋಂದಾಯಿಸಲು ಅರ್ಜಿಗೆ ಏಳು ಜನ ಸಹಿ ಹಾಕಬೇಕು, ಕೆಲಸಗಾರರಲ್ಲಿ ನೂರಕ್ಕೆ ಹತ್ತು ಜನ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಏಳು ಸಹಿ ಆಗಿದೆ. ನಿಯಮಾವಳಿ ಬರೆಯುತ್ತಿದ್ದೇವೆ. ಅದಕ್ಕೂ ಮೊದಲು ಅವರಿಗೆ ಹೇಳಿದ ಕೆಲಸ ಒಂದಿದೆ: ಹಾಜರಿ ಹಾಕಿದ ದಿನವೇ ಅದರ ಫೋಟೊ ತೆಗೆದು ಗ್ರೂಪಿಗೆ ಕಳಿಸಿ, ತಿಂಗಳ ಕೊನೆಗೆ ಪ್ರಿಂಟ್ ತೆಗೆಸಿ ಒಬ್ಬರ ಮನೆಯಲ್ಲಿ ಇಡಿ. ಚಂದಾ ತಿಂಗಳಿಗೆ ಇಪ್ಪತ್ತು ರೂಪಾಯಿ ಅಂತ ಅವರೇ ಇಟ್ಟುಕೊಂಡಿದ್ದಾರೆ. ಫೋನ್‌ನಲ್ಲೇ ಕಳಿಸುತ್ತೇವೆ, ರಸೀದಿ ಯಾಕೆ ಅಂತ ಕೇಳಿದರು. ಆದರೂ ರಸೀದಿ ಪುಸ್ತಕ ಅಚ್ಚು ಹಾಕಿಸಲು ಕೊಟ್ಟಿದ್ದೇನೆ.