ಕಾಟುಮರಕ್ಕೆ ಅಪ್ಪೆ ಕಸಿ: ಗುಡ್ಡದ ಮೇಲೂ ಮಿಡಿ ಬಂತು, ಪರಿಮಳನೂ ಬಂತು

ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಪರಿಮಳದ ಎಳೆ ಮಾವಿನಕಾಯಿ, ಹೊಳೆ ದಂಡೆ ಬಿಟ್ಟು ಮೇಲೆ ಬರಲ್ಲ, ಬಂದ್ರೂ ಸೊನೆಗೆ ಆ ಪರಿಮಳ ಇರಲ್ಲ, ಉಪ್ಪಿಗೆ ಹಾಕಿದ್ರೆ ಮಳೆಗಾಲ ಮುಗಿಯೋದ್ರೊಳಗೆ ಮೆತ್ತಗಾಗತ್ತೆ ಅಂತ ನಮ್ಮ ಹೊಸನಗರ ಕಡೆ ಹೇಳದವರೇ ಇಲ್ಲ. ಈ ಸಲ ಮನೆ ಹಿಂದಿನ ಜಂಬಿಟ್ಟಿಗೆ ಕಲ್ಲಿನ ಗುಡ್ಡದಲ್ಲಿ ಅಪ್ಪೆ ಕಸಿ ಕಟ್ಟಿದ ಕಾಟುಮಾವಿನ (ಕಾಡುಮಾವಿನ) ಮರಗಳಿಂದ ಹತ್ತಿರ ಹತ್ತಿರ 2 ಕ್ವಿಂಟಾಲ್ ಮಿಡಿ ಇಳಿಸಿದೀನಿ, ಹೋದ ವರ್ಷ ಹಾಕಿದ ಜಾಡಿ ಇನ್ನೂ ಅಡುಗೆಮನೇಲಿದೆ, ಮಿಡಿ ಕಚ್ಚಿದ್ರೆ ಕಟುಂ ಅನ್ನತ್ತೆ. ಹಂಗಾಗಿ ಈಗ ಸ್ವಲ್ಪ ದೊಡ್ಡ ದನೀಲಿ ಮಾತಾಡೋ ಹಕ್ಕು ನನಗಿದೆ ಅಂದ್ಕೊಂಡು ಬರೀತಿದೀನಿ. ಬೆಣೆ ಕಸಿ (ಕಡ್ಡಿ ಬುಡವನ್ನ ಬೆಣೆ ತರ ಕೆತ್ತಿ, ಸೀಳಿದ ಚಿಗುರಿಗೆ ಸಿಕ್ಕಿಸಿ ಕಟ್ಟೋದು) ಗೊತ್ತಿರೋರಿಗೆ ಇದು, ಚಾಕು ಹಿಡಿಯೋದು ಹೆಂಗೆ ಅನ್ನೋದರಿಂದ ಶುರು ಮಾಡಕ್ಕೆ ನಂಗೆ ಪುರುಸೊತ್ತಿಲ್ಲ.

ಮೊದಲು ಎಲ್ಲರ ಹಾಗೇ ನಾನೂ ನರ್ಸರಿಯಿಂದ ಕಸಿ ಗಿಡ ತಂದಿದ್ದೆ. ಸುಮಾರು 60 ಗಿಡ, ಒಂದಕ್ಕೆ 80ರಿಂದ 90 ರೂಪಾಯಿ. ಗುಂಡಿ ತೆಗೆಸಿದ್ದು, ಗೊಬ್ಬರ, ಸುತ್ತ ಬೇಲಿ, ಎಲ್ಲ ಸೇರಿ ಆ ಕಾಲಕ್ಕೇ 15-16 ಸಾವಿರ ಹೋಗಿತ್ತು. ಜಂಬಿಟ್ಟಿಗೆ ನೆಲ ಗೊತ್ತಲ್ಲ, ಮಳೆಗಾಲದಲ್ಲಿ ಗಿಡ ಚಿಗುರಿ ಆಸೆ ಹುಟ್ಟಿಸ್ತಾವೆ, ಶಿವರಾತ್ರಿ ದಾಟಿದ್ಮೇಲೆ ಒಂದೊಂದಾಗಿ ಎಲೆ ಮುದುರಕ್ಕೆ ಶುರು. ಪಿಕಪ್ ಮೇಲೆ ಸಿಂಟೆಕ್ಸ್ ಇಟ್ಕೊಂಡು ನೀರು ಹೊತ್ತಿದ್ದೂ ಆಯ್ತು, ಡೀಸೆಲ್ ಲೆಕ್ಕ ಬರೆದಿಡಲಿಲ್ಲ, ಬರೆದಿದ್ರೆ ಮನೇಲಿ ಬೈಸ್ಕೋತಿದ್ದೆ. ಉಳಿದವನ್ನ ಕಡವೆ ಬಂದು ಕುಡಿ ಕುಡಿನೇ ಮೇದು ಹೋದ್ವು. ಕೊನೆಗೆ ಹತ್ತೋ ಹನ್ನೆರಡೋ ಗಿಡ ನಿಂತ್ವು, ನಾಲ್ಕೈದು ವರ್ಷ ಬಿಟ್ಟು ಮಿಡಿ ಬಿಟ್ಟಾಗ ನೋಡಿದ್ರೆ ಅದರಲ್ಲಿ ಅರ್ಧ ಅಪ್ಪೆನೇ ಅಲ್ಲ! ತೊಟ್ಟು ಮುರಿದ್ರೆ ಸೊನೆ ಚಿಮ್ಮೋದಿಲ್ಲ, ನೀರಾಗಿ ಒಸರತ್ತೆ, ವಾಸನೆ ಸಾದಾ ಮಾವಿಂದು. ಕೊಟ್ಟವರನ್ನ ಕೇಳಿದ್ರೆ ನಿಮ್ಮ ಮಣ್ಣಿನ ಗುಣ ಅಂದ್ರು. ನರ್ಸರಿ ಹೆಸರು ಹೇಳಿ ಪ್ರಯೋಜನ ಇಲ್ಲ, ಬಿಡಿ.

ಆದ್ರೆ ಅದೇ ಗುಡ್ಡದಲ್ಲಿ, ಅದೇ ಏಪ್ರಿಲ್ ಬಿಸಿಲಲ್ಲಿ, ಒಂದು ಹನಿ ನೀರು ಕೊಡದೆ ಇಪ್ಪತ್ತು ಇಪ್ಪತ್ತೈದು ಕಾಟುಮಾವಿನ ಮರ ಹಸಿರಾಗಿ ನಿಂತಿದ್ವಲ್ಲ. ಹಣ್ಣು ಬರೀ ನಾರು, ಗೊಜ್ಜಿಗೆ ನಾಲ್ಕು ತಂದ್ರೆ ತಂದ್ವಿ, ಉಳಿದಿದ್ದು ಮಂಗಕ್ಕೆ. ಬೇರು ಆಗಲೇ ಕೆಳಗಿಳಿದು ಕೂತಿದೆ, ಮೇಲಿನ ತಲೆ ಒಂದು ಬದಲಾಯಿಸಿದ್ರೆ ಆಯ್ತಲ್ಲ ಅಂತ ಅನ್ನಿಸಿದ್ದು ಆವಾಗ. ಪಕ್ಕದ ಮನೆ ದೊಡ್ಡಪ್ಪನ ಹತ್ರ ಹೇಳಿದೆ. ಅವರು ಮುಳುಗಡೆಯಿಂದ ಬಂದ ಮನೆಯವರು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ದಂಡೇಲಿದ್ದ ಇವರ ಮರಗಳೂ ನೀರಿಗೆ ಹೋಗಿದಾವೆ, ಅಪ್ಪೆ ವಿಷಯಕ್ಕೆ ಅವರ ಮೂಗೇ ನಮಗೆ ಲ್ಯಾಬು. "ತಮ್ಮಾ, ಅಪ್ಪೆಗೆ ಹೊಳೆ ಗಾಳಿ ಬೇಕು. ಗುಡ್ಡಕ್ಕೆ ಕಟ್ಟಿದ್ರೆ ಎಲೆ ಬರತ್ತೆ, ಮಿಡಿ ಬರತ್ತೆ, ಅಪ್ಪೆ ಬರಲ್ಲ" ಅಂದ್ರು. ಬಯಲುಸೀಮೆ ಕಡೆ ಹಳೇ ಮರದ ತಲೆ ಬದಲಾಯಿಸೋದು ಹೊಸ ವಿದ್ಯೆ ಏನಲ್ಲ, ಆದ್ರೆ ನಮ್ಮ ಮಳೇಲಿ ಅದು ಆಗಲ್ಲ ಅಂತ ಓದಿಕೊಂಡವರೂ ಹೇಳಿದ್ರು. ಒಂದು ಲೆಕ್ಕದಲ್ಲಿ ಅವರು ಹೇಳಿದ್ದು ನಿಜಾನೇ, ಪುಸ್ತಕದ ತಿಂಗಳಲ್ಲಿ ಆಗಲ್ಲ.

ಪುಸ್ತಕದಲ್ಲಿ ಕಸಿ ಕಟ್ಟಕ್ಕೆ ಜೂನ್-ಜುಲೈ-ಆಗಸ್ಟ್ ಅಂತಿದೆ. ಗಾಳೀಲಿ ತೇವ ಇರತ್ತೆ, ತಾಯಿಮರದಿಂದ ತಂದು ಕಟ್ಟೋ ಕಡ್ಡಿ ಒಣಗಲ್ಲ ಅಂತ. ನಮ್ಮಲ್ಲಿ ಆರಿದ್ರಾ-ಪುನರ್ವಸು ಮಳೆ ಹಿಡಿದ್ರೆ ವಾರಗಟ್ಲೆ ಬಿಡಲ್ಲ, ಅಡಿಕೆಗೆ ಕೊಳೆ ಬರೋ ಹವೆನೇ ಅದು, ಅದರಲ್ಲಿ ಕಸಿ ಗಾಯ ಹೆಂಗೆ ಮಾಯತ್ತೆ? ನೂರರ ಮೇಲೆ ಕಡ್ಡಿ ಕಟ್ಟಿದ್ದೆ, ಮೇಲೆ ಐಸ್‌ಕ್ಯಾಂಡಿ ಕವರ್ ಟೊಪ್ಪಿನೂ ಹಾಕಿದ್ದೆ, ಬಿಚ್ಚಿ ನೋಡಿದ್ರೆ ಒಳಗೆ ನೀರು ನಿಂತು ಕಡ್ಡಿ ಕಪ್ಪಾಗಿ, ಮುಟ್ಟಿದ್ರೆ ಸಿಪ್ಪೆ ಜಾರ್ತಿತ್ತು. ಬದುಕಿದ್ದು ಮೂರೋ ನಾಲ್ಕೋ. ಕಸಿ ಕಟ್ಟೋ ಹುಡುಗ ದಿನಕ್ಕೆ 900 ತಗೊಂಡಿದ್ದ, ಊಟ ಬೇರೆ. ಆಮೇಲೆ ಹಸ್ತ-ಚಿತ್ತೆ ಮಳೆ ಹೊತ್ತಿಗೆ (ಸೆಪ್ಟೆಂಬರ್ ಕೊನೆ, ಅಕ್ಟೋಬರ್) ಕಟ್ಟಿದೆ, ಮೂರರಲ್ಲಿ ಒಂದು ಹಿಡೀತು. ಹಿಡಿದಿದ್ದು ಒಂದೆರಡು ಚಿಗುರು ಬಿಟ್ಟು ಹಂಗೇ ಕೂತ್ವು, ಚಳಿ ಬಂತು, ಬೇಸಿಗೆ ಬಂತು, ಒಣಗಿದ್ವು.

ಕೊನೆಗೆ ಕೆಲಸ ಕೊಟ್ಟಿದ್ದು ಭರಣಿ-ಕೃತ್ತಿಕೆ. ಏಪ್ರಿಲ್ ಕೊನೇ ವಾರದಿಂದ ಮೇ 20ರ ತನಕ. ಅಡ್ಡಮಳೆ ಒಂದೆರಡು ಬಿದ್ದು, ಸಂಜೆ ಗುಡುಗು, ಬೆಳಿಗ್ಗೆ ಸೆಕೆ, ಮೈ ಬೆವರ್ತಾ ಇರತ್ತಲ್ಲ, ಆ ಹವೇಲಿ ಕಡ್ಡಿ ಒಣಗೋದೂ ಇಲ್ಲ, ಕೊಳೆಯೋದೂ ಇಲ್ಲ. ರೋಹಿಣಿ ಹೊತ್ತಿಗೆ ಬೆಸುಗೆ ಕೂತಿರತ್ತೆ, ಜೂನಿನ ಮೃಗಶಿರ ಮಳೆ ಹಿಡಿಯೋದ್ರೊಳಗೆ ಟೊಪ್ಪಿ ತೆಗೆದಾಗಿರತ್ತೆ, ಆಮೇಲೆ ಎಷ್ಟಾದ್ರೂ ಹುಯ್ಯಲಿ. 10ರಲ್ಲಿ 7 ಹಿಡೀತು, ಮುಂದಿನ ಸಲ ಅದಕ್ಕಿಂತ ಸ್ವಲ್ಪ ಜಾಸ್ತಿನೇ.

ಇದಕ್ಕೆ ತಯಾರಿ ಹಿಂದಿನ ನವೆಂಬರಲ್ಲೇ ಆಗಿರ್ಬೇಕು. ಮಳೆ ಪೂರ್ತಿ ನಿಂತ ಮೇಲೆ ಚೈನ್‌ಸಾ ತರಿಸಿ ಕೊಂಬೆಗಳನ್ನ ಕೊಯ್ಯಿಸೋದು, ಎದೆ ಮಟ್ಟದಿಂದ ಆಳುದ್ದದ ಒಳಗೆ, ಏಣಿ ಇಲ್ಲದೆ ಅಥವಾ ಸಣ್ಣ ಏಣೀಲಿ ಕೈ ಸಿಗೋ ಹಂಗೆ. ಒಂದು ಕೊಂಬೆ ಮಾತ್ರ ಎಲೆ ಸಮೇತ ಬಿಡಬೇಕು, ಎಲ್ಲ ಬೋಳಿಸಿದ ಮರ ಸತ್ತಿದ್ದು ನಮ್ಮೂರಲ್ಲೇ ಬೇರೆಯವರ ಜಾಗದಲ್ಲಿ ನೋಡಿದೀನಿ. ಕೊಯ್ದ ಬಾಯಿಗೆ ಬೋರ್ಡೋ ಪೇಸ್ಟು, 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ, 10 ಲೀಟರ್ ನೀರು, ಅಡಿಕೆಯವರ ಮನೇಲಿ ಇದೆಲ್ಲ ಇದ್ದೇ ಇರತ್ತೆ. ಜನವರಿ-ಫೆಬ್ರವರೀಲಿ ಪೊದೆ ಪೊದೆ ಚಿಗುರತ್ತೆ, ಆವಾಗ ಕರುಣೆ ತೋರಿಸ್ಬಾರ್ದು, ಒಂದು ಮೋಟಿಗೆ ಮೂರ್ನಾಲ್ಕು ಗಟ್ಟಿ ಚಿಗುರು ಬಿಟ್ಟು, ಅದೂ ಸುತ್ತ ಹಂಚಿರೋ ಹಾಗೆ, ಉಳಿದಿದ್ದೆಲ್ಲ ಬುಡಕ್ಕೇ ಕಿತ್ತು ಹಾಕೋದು. ಮೇ ಹೊತ್ತಿಗೆ ಅದು ಪೆನ್ಸಿಲ್ ದಪ್ಪ ಆಗಿರತ್ತೆ, ಕಸಿ ಕಟ್ಟೋದು ಅದಕ್ಕೇ. ಕಾಂಡಕೊರಕ ಕೊಯ್ದ ಮರಾನೇ ಹುಡುಕ್ಕೊಂಡು ಬರತ್ತೆ, ಬುಡದಲ್ಲಿ ಮರದ ಹಿಟ್ಟು ಬಿದ್ದಿದ್ದು ಕಂಡ ತಕ್ಷಣ ತೂತಿಗೆ ತಂತಿ ಹಾಕಿ ಹುಳ ಚುಚ್ಚಿ, ಪೆಟ್ರೋಲಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತಬೇಕು. ಇದನ್ನ ನಾಳೆ ಮಾಡಿದ್ರಾಯ್ತು ಅಂತ ಬಿಟ್ರೆ ಮರಾನೇ ಹೋಗತ್ತೆ. ಇನ್ನೊಂದು ಮಾತು, ನಂದು ಸ್ವಂತ ಖಾತೆ ಜಾಗದ ಮರ. ಸೊಪ್ಪಿನಬೆಟ್ಟದ (ಅರಣ್ಯದವರ ಹಿಡಿತ ಇರೋ ಜಾಗದ) ಮರಕ್ಕೆ ಚೈನ್‌ಸಾ ಇಡೋ ಮುಂಚೆ ಅರಣ್ಯದವರನ್ನ ಕೇಳ್ಕೊಳ್ಳಿ, ಆಮೇಲೆ ನನ್ನ ಹೆಸರು ಹೇಳ್ಬೇಡಿ.

ಕಡ್ಡಿ ವಿಷಯ. ತಾಯಿಮರ ಎಲ್ಲಿದೆ ಅಂತ ಕೇಳ್ಬೇಡಿ, ಹೇಳಲ್ಲ. ಜೀರಿಗೆ ವಾಸನೆಯ ಒಂದು ಮರ, ಹೊಳೆ ದಂಡೇಲಿ, ಹತ್ತಕ್ಕೆ ಆಗದಷ್ಟು ಎತ್ತರ. ಗೊರಟು ಹಾಕಿ ಬೆಳೆಸಿದ್ರೆ ತಾಯಿ ಗುಣ ಬರಲ್ಲ ಅನ್ನೋದು ನಿಮಗೆಲ್ಲ ಗೊತ್ತು, ಆ ಮರ ಹೋದ್ರೆ ಆ ಜಾತಿನೇ ಹೋದ ಹಾಗೆ. ಮಿಡಿ ಕೊಯ್ಯೋರು ಕೊಂಬೆನೇ ಕಡಿದು ಕೆಡವೋದು, ಪ್ಲೈವುಡ್‌ಗೆ ಅಂತ ಮರಾನೇ ಮಾರೋದು ನೋಡಿ ನೋಡಿ ಸಾಕಾಗಿದೆ. ಕಡ್ಡಿ ಕೊಯ್ಯೋ ಎಂಟು ಹತ್ತು ದಿನ ಮುಂಚೆ ಎಲೆ ಕತ್ತರಿಸಿ ತೊಟ್ಟು ಬಿಡಬೇಕು, ತೊಟ್ಟು ತಾನಾಗೇ ಉದುರಕ್ಕೆ ಶುರುವಾದಾಗ ಕುಡಿಮೊಗ್ಗು ಉಬ್ಬಿರತ್ತೆ, ಅದೇ ಸರಿಯಾದ ಹೊತ್ತು. ನನಗೆ ಎರಡು ಸಲ ಮರ ಹತ್ತಿಸೋ ಖರ್ಚು ಬಿತ್ತು, ಆದ್ರೂ ಬಿಡಲಿಲ್ಲ, ಉಬ್ಬದ ಕಡ್ಡಿ ಕಟ್ಟಿದ್ರೆ ದುಡ್ಡು ದಂಡ. ತಂದ ಕಡ್ಡೀನ ಒದ್ದೆ ಗೋಣಿ, ಬಾಳೆಪಟ್ಟೆಯೊಳಗೆ ಸುತ್ತಿ ಅದೇ ದಿನ ಇಲ್ಲ ಮಾರನೇ ದಿನ ಕಟ್ಟಿ ಮುಗಿಸೋದು. ಕಟ್ಟೋ ಮುಂಚೆ ನಾನು ಬುಡವನ್ನ ಒಂದರಲ್ಲಿ ಅದ್ದುತೀನಿ, ಅಂಗಡೀಲಿ ಸಿಗೋದಲ್ಲ, ಮನೇದೇ. ಅದನ್ನ ಮಾತ್ರ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸ್ತೀನಿ.

ಹಿಡಿದ ಮೇಲೆ ಶತ್ರು ಮಂಗ. ಎಳೆ ಚಿಗುರು ಕಿತ್ತು, ತಿಂದಿದ್ದೂ ಇಲ್ಲ, ಎಸೆದು ಹೋಗ್ತಾವೆ. ಕಸಿ ಜಾಗದಲ್ಲೇ ಮುರೀತಾವೆ ನೋಡಿ, ಹೊಟ್ಟೆ ಉರಿಯತ್ತೆ. ಬಲೆ ಹಾಕಿದೆ, ಹರಿದ್ವು. ಪಟಾಕಿಗೆ ನಾಲ್ಕು ದಿನ ಹೆದರಿದ್ವು. ಕೊನೆಗೆ ಮೋಟಿನ ಸುತ್ತ ಒಣ ಬಿದಿರುಮುಳ್ಳು ಕಟ್ಟಿಸಿದೆ, ಮರಕ್ಕೆ ಅರ್ಧ ಆಳಿನ ಕೆಲಸ, ಅದೊಂದೇ ನಿಂತಿದ್ದು. ಜೊತೆಗೆ ಗಾಳಿಗೆ ಮುರೀದೆ ಇರ್ಲಿ ಅಂತ ಪ್ರತಿ ಕಸಿಗೂ ಒಂದು ದಬ್ಬೆ (ಅಡಿಕೆ ಮರದ ಸೀಳು) ಆನಿಸಿ ಕಟ್ಟೋದು. ಬುಡದಿಂದ ಕಾಟು ಚಿಗುರು ಬರ್ತಾನೇ ಇರತ್ತೆ, ಮೂರು ವರ್ಷ ಅದನ್ನ ಮುರೀತಾ ಇರ್ಬೇಕು.

ಮಧ್ಯದಲ್ಲಿ ತಲೆಹರಟೆ ಕೆಲಸಾನೂ ಮಾಡಿದೀನಿ. ಒಂದು ಮರಕ್ಕೆ ಆಪೂಸು ಕಟ್ಟಿದೆ, ಚೆನ್ನಾಗಿ ಹಿಡೀತು, ಹೂವೂ ಬಂತು, ನಮ್ಮ ಜನವರಿ ಇಬ್ಬನಿಗೆ ಹೂಗೊನೆ ಪೂರ್ತಿ ಕಪ್ಪಾಗಿ ಉದುರ್ತು, ಬಿಟ್ಟ ನಾಲ್ಕು ಹಣ್ಣಿನ ಒಳಗೆ ಸ್ಪಂಜು. ಆಪೂಸು ರತ್ನಾಗಿರಿ, ಧಾರವಾಡದವರಿಗೇ ಇರಲಿ. ಗೇರೂ ಮಾವೂ ಒಂದೇ ಕುಟುಂಬ ಅಂತ ಯಾರೋ ಹೇಳಿದ್ರು ಅಂತ ಗೇರುಗಿಡಕ್ಕೆ ಮಾವಿನ ಕಡ್ಡಿನೂ ಕಟ್ಟಿ ನೋಡಿದೆ, ಹದಿನೈದು ದಿನ ಹಸಿರಾಗಿದ್ದು ಆಸೆ ತೋರಿಸಿ ಸತ್ತೋಯ್ತು, ನಮ್ಮನೆಯವಳು ಇವತ್ತಿಗೂ ಅದನ್ನ ಹೇಳಿ ನಗ್ತಾಳೆ. ಒಂದೇ ಮರಕ್ಕೆ ಮೂರು ತರದ ಮಿಡಿ ಕಟ್ಟಿದ್ದು ಮಾತ್ರ ಚೆನ್ನಾಗಿ ಬಂದಿದೆ, ಆದ್ರೆ ಕೊಯ್ಯೋರು ಮಿಕ್ಸ್ ಮಾಡಿಬಿಡ್ತಾರೆ, ವ್ಯಾಪಾರಕ್ಕೆ ಆಗಲ್ಲ, ಶೋಕಿಗೆ ಸರಿ.

ಮೂರನೇ ವರ್ಷ ಹೂವು ನೋಡೋ ಹಂಗೆ ಬಂತು. ಬೂದಿರೋಗಕ್ಕೆ ನೀರಲ್ಲಿ ಕರಗೋ ಗಂಧಕ ಒಂದು ಸಲ, ಹೆಚ್ಚಂದ್ರೆ ಎರಡು ಸಲ ಹೊಡೀತೀನಿ. ಜಿಗಿಹುಳಕ್ಕೆ ಜೋರು ವಿಷದ ಔಷಧಿ ಹೊಡೀರಿ ಅಂತ ಅಂಗಡಿಯವರು ಹೇಳ್ತಾರೆ, ನಾನು ಹೊಡೆಯಲ್ಲ, ಸಿಪ್ಪೆ ಸಮೇತ ತಿನ್ನೋ ಮಿಡಿ ಅದು, ಹೊಡೆದು ತಿಂಗಳಿಗೆಲ್ಲ ಕೊಯ್ಯೋದು.

ಕೊಯ್ಲಲ್ಲಿ ಗುಡ್ಡದ ಮರದ್ದೇ ಲಾಭ. ಹೊಳೆ ದಂಡೆ ಮರ ಹತ್ತೋರು ಈಗ ಎಷ್ಟು ಜನ ಇದಾರೆ? ಇದ್ದವರೂ 1500ಕ್ಕೆ ಕಮ್ಮಿ ಬರಲ್ಲ, ಅದೂ ಮಂಗನ ಕಾಯಿಲೆ ಸುದ್ದಿ ಇದ್ರೆ ಬರೋದೇ ಇಲ್ಲ. ಮಿಡಿ ಸೀಸನ್ನೂ ಆ ಕಾಯಿಲೆ ಹರಡೋ ಉಣುಗಿನ ಸೀಸನ್ನೂ ಒಂದೇ, 2019ರಲ್ಲಿ ಸಾಗರದ ಅರಲಗೋಡು ಕಡೆ ಆ ಕಾಯಿಲೆ ಹಬ್ಬಿದ್ದು ಯಾರೂ ಮರೆತಿಲ್ಲ. ನಾವು ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಂಡು, ಪ್ಯಾಂಟು ಸಾಕ್ಸೊಳಗೆ ತುರುಕಿ ಹೋಗ್ತೀವಿ. ನನ್ನ ಮರಗಳ ಮಿಡಿ ನೆಲದ ಮೇಲೆ ನಿಂತೇ ಕೈಗೆ ಸಿಗತ್ತೆ, ಹೆಂಗಸರೇ ಕೊಯ್ತಾರೆ, ಒಂದಂಗುಲ ತೊಟ್ಟು ಬಿಟ್ಟು ಕತ್ತರೀಲಿ. ತೊಟ್ಟು ಹೋದ ಮಿಡಿ ಸೊನೆ ಕಳ್ಕೊಂಡು ಉಪ್ಪಲ್ಲಿ ಕೊಳೆಯತ್ತೆ, ನೆಲಕ್ಕೆ ಬಿದ್ದಿದ್ದೂ ಅಷ್ಟೇ, ಒಂದು ಕೆಟ್ಟ ಮಿಡಿ ಜಾಡಿನೇ ಹಾಳು ಮಾಡತ್ತೆ. ನನ್ನದರಲ್ಲಿ ಹಾಳು ಮಿಡಿ ನೂರಕ್ಕೆ ಐದೂ ಇರಲ್ಲ, ವ್ಯಾಪಾರಿಗಳು ಬುಟ್ಟಿ ಕೆದಕಿ ನೋಡಿ ಸುಮ್ಮನಾಗ್ತಾರೆ.

ದೊಡ್ಡಪ್ಪನಿಗೆ ತೋರಿಸಿದ್ದು ಹೇಳ್ಬೇಕು. ಹೊಳೆ ಮರದ್ದು ಒಂದು ಹಿಡಿ, ಗುಡ್ಡದ್ದು ಒಂದು ಹಿಡಿ, ಯಾವುದು ಎಲ್ಲೀದು ಅಂತ ಹೇಳದೆ ಜಗುಲೀಲಿ ಬಾಳೆಲೆ ಮೇಲೆ ಇಟ್ಟೆ. ಒಂದೊಂದರ ತೊಟ್ಟು ಚಿವುಟಿ ಮೂಗಿನ ಹತ್ರ ಹಿಡಿದ್ರು, ಸೊನೆ ಉಗುರಿನ ಸಂದೀಲಿ ಇಳೀತು, ಸುಡತ್ತೆ ಅಂತ ಗೊತ್ತಿದ್ದೂ ಒರೆಸ್ಕೊಳ್ಳಲಿಲ್ಲ. ಸುಮಾರು ಹೊತ್ತು ಎರಡೂ ಮೂಸಿ ಬಲಗಡೆದು ಹೊಳೇದು ಅಂದ್ರು. ಬಲಗಡೆ ಇದ್ದಿದ್ದು ನನ್ನ ಗುಡ್ಡದ್ದು! "ಹಾಂಗಾರೆ ಎಡಗಡೆ ಮರಕ್ಕೆ ವಯಸ್ಸಾಯ್ತು" ಅಂತ ಮಾತು ತಿರುಗಿಸಿದ್ರು, ಆದ್ರೆ ಹೋಗುವಾಗ ಬಲಗಡೆದನ್ನೇ ಪಂಚೆ ಸೆರಗಲ್ಲಿ ಕಟ್ಕೊಂಡು ಹೋದ್ರು. ನನ್ನ ಪ್ರಕಾರ ಪರಿಮಳ ಜಾತಿಯದ್ದು, ಜಾಗದ್ದಲ್ಲ. ಗಾತ್ರ ಮಾತ್ರ ಗುಡ್ಡದಲ್ಲಿ ಸ್ವಲ್ಪ ಸಣ್ಣ, ಸಣ್ಣ ಮಿಡಿಗೇ ರೇಟು ಜಾಸ್ತಿ ಇರೋದ್ರಿಂದ ನನಗೆ ಅದೂ ಒಳ್ಳೇದೇ ಆಯ್ತು.

ದುಡ್ಡಿನ ಲೆಕ್ಕ ಬಾಯಲ್ಲೇ ಹೇಳ್ತೀನಿ. ಹಾಳಾದ ಕಸಿಗಳು, ಚೈನ್‌ಸಾ, ಆಳು, ಮುಳ್ಳು ಎಲ್ಲ ಸೇರಿ 60-70 ಸಾವಿರ ಹೋಗಿದೆ, ನರ್ಸರಿ ಗಿಡದ್ದು ಬಿಟ್ಟು. ಕೊಯ್ದ ಕಾಟು ಸೌದೆ ಮನೆ ಒಲೆಗೆ, ಬಚ್ಚಲಿಗೆ ಎರಡು ವರ್ಷ ಬಂತು, ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಈ ಸಲ ಅರ್ಧ ಮಿಡಿ ರಿಪ್ಪನ್‌ಪೇಟೆಗೆ ಹೋಯ್ತು, ಶುರೂಲಿ ಕೇಜಿಗೆ 200ರ ಹತ್ರ ಸಿಕ್ತು, ಮಾರ್ಚ್ ಮಧ್ಯಕ್ಕೆ 120ಕ್ಕೆ ಇಳೀತು. ಉಳಿದಿದ್ದು ಮನೇಲೇ ಉಪ್ಪಿಗೆ ಹಾಕಿದ್ವಿ. ಉಪ್ಪಲ್ಲಿ ಚಿರುಟಿದ ಮಿಡಿಗೆ ಹಸಿ ಮಿಡಿಯ ಎರಡರಷ್ಟು ರೇಟು ಇದೆ, ಮಳೆಗಾಲದಲ್ಲಿ ಬೆಂಗಳೂರಿನವರು ತಾವಾಗೇ ಕೇಳ್ಕೊಂಡು ಬರ್ತಾರೆ, ಆದ್ರೆ ಜಾಡಿ ಕಾಯೋ ತಾಳ್ಮೆ ಇರೋ ಹೆಂಗಸರು ಮನೇಲಿ ಇರ್ಬೇಕು. ಹಾಕಿದ್ದು ಇನ್ನೊಂದು ಸೀಸನ್ನಿಗೆ ಪೂರ್ತಿ ವಾಪಸ್ ಬರತ್ತೆ.

ಮೇಲಿನ ಗುಡ್ಡದಲ್ಲಿ ಇನ್ನೂ ಏಳೆಂಟು ಕಾಟುಮರ ಇದಾವೆ, ಈ ನವೆಂಬರಲ್ಲಿ ಅವಕ್ಕೆ ಕೈ ಹಾಕ್ತೀನಿ. ಒಂದನ್ನ ಮುಟ್ಟಬಾರ್ದು ಅಂತ ಅತ್ತಿಗೆ ಹೇಳಿದಾರೆ, ಅದರ ಹಣ್ಣಿಗೆ ಸಾಸಿವೆ ಅರೆದು ಮಾಡೋ ಗೊಜ್ಜು ಬೇರೆ ಯಾವ ಮರದಲ್ಲೂ ಆಗಲ್ವಂತೆ. ಅದೊಂದು ಬಿಟ್ಟು. ಕಡ್ಡಿ ಬೇಕು ಅನ್ನೋರು ನನ್ನ ಗುಡ್ಡದ ಮರದಿಂದಲೇ ತಗೊಂಡು ಹೋಗಬಹುದು, ದುಡ್ಡು ಬೇಡ, ಏಪ್ರಿಲ್ ಮೂರನೇ ವಾರ ಬಂದು ಎಲೆ ನೀವೇ ಕತ್ತರಿಸಿಟ್ಟು ಹೋಗಿ, ಹತ್ತು ದಿನ ಬಿಟ್ಟು ಬಂದು ಕೊಯ್ಕೊಳ್ಳಿ. ಜುಲೈಲಿ ಬಂದು ಕಡ್ಡಿ ಕೇಳಿದವರಿಗೆ ಕಾಫಿ ಕೊಟ್ಟು ಕಳಿಸ್ತೀನಿ.